ಸೂಜಿಯ ಮೇಲೆ ಹಾಕಿದ್ದು

ತಮ್ಮನಿಗೆ ಒಂದೂವರೆ ವರ್ಷದ ಸೂಜಿ ಹಾಕಿಸಿದ ದಿನ ಅವನು ನನ್ನ ತೊಡೆಯ ಮೇಲಿದ್ದ. ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಬೈಲಹೊಂಗಲದಲ್ಲಿ ನಾಲ್ಕನೆಯ ಇಯತ್ತೆ ಓದುತ್ತಿದ್ದೆ. ನಮ್ಮ ಓಣಿಗೆ ಬರುತ್ತಿದ್ದ ನರ್ಸಬಾಯಿ ಔಷಧಿ ತುಂಬುವ ಮೊದಲು ಅವನ ಕಿವಿಯ ಹತ್ತಿರ ಎರಡು ಸಲ ಚಪ್ಪಾಳೆ ತಟ್ಟಿದಳು, ಹೆಸರು ಹಿಡಿದು ಕರೆದಳು. ಅವನು ತಿರುಗುವ ಫ್ಯಾನನ್ನೇ ನೋಡುತ್ತಿದ್ದ.

“ಅಕ್ಕಾರ, ಕೂಸು ತಿರುಗಿ ನೋಡವಲ್ತು. ಒಮ್ಮೆ ದೊಡ್ಡ ದವಾಖಾನಿಗೆ ತೋರಸ್ರಿ,” ಎಂದಳು.

“ಹಠಮಾರಿ ಅದಾನ್ರಿ,” ಎಂದು ಅವ್ವ ನಕ್ಕಳು. ಆಮೇಲೆ ಸೂಜಿ ಬಿತ್ತು. ಮೊದಲು ಚಪ್ಪಾಳೆ, ಆಮೇಲೆ ಸೂಜಿ. ಆ ಕ್ರಮ ನನಗೆ ಚೆನ್ನಾಗಿ ನೆನಪಿದೆ.

ಮೂರು ತುಂಬಿದರೂ ಅವನಿಗೆ ಮಾತು ಬರಲಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂಡುತ್ತಿದ್ದ, ಇಲ್ಲವೇ ಬಾಗಿಲ ಚಿಲಕ ಹಾಕಿ ತೆಗೆದು ಮಾಡುತ್ತಿದ್ದ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. ಓಣಿಯಲ್ಲಿ ಕಾರಣಗಳಿಗೇನೂ ಬರವಿರಲಿಲ್ಲ. ಬಸುರಿದ್ದಾಗ ಅವ್ವ ಗ್ರಹಣದ ಹೊತ್ತಿನಲ್ಲಿ ಬದನೆಕಾಯಿ ಹೆಚ್ಚಿದಳಂತೆ. ಸವದತ್ತಿ ಗುಡ್ಡದ ಹರಕೆ ಮರೆತಳಂತೆ. ಕೂಸನ್ನು ನನ್ನ ಕೈಗೆ ಕೊಟ್ಟು ಹೊಲಿಗೆ ಮಷೀನಿನ ಮುಂದೆ ಕೂತಳಂತೆ. ಎಲ್ಲಕ್ಕಿಂತ ದೊಡ್ಡದೆಂದರೆ ಅವಳು ತನ್ನ ಸೋದರಮಾವನನ್ನೇ ಮದುವೆಯಾದದ್ದು. ರಕ್ತಕ್ಕೆ ರಕ್ತ ಕೂಡಿತಂತೆ. ಆ ಮದುವೆ ನಿಶ್ಚಯಿಸಿದವರು ಹಿರಿಯರು, ಹೊಟ್ಟೆ ತುಂಬ ಉಂಡು ಅಕ್ಷತೆ ಹಾಕಿದವರು ಇದೇ ಓಣಿಯವರು. ಅದನ್ನು ಯಾರೂ ನೆನೆಸಲಿಲ್ಲ.

ಎಲ್ಲ ಬೆರಳೂ ಅವ್ವನ ಕಡೆಗೇ ಇದ್ದವು. ಮನೆಯ ಹೊರಗಿನ ಕಾರಣವೆಂದು ತೋರಿಸಬಹುದಾದದ್ದು ಒಂದೇ, ಸೂಜಿ. ಅವ್ವ ಅದನ್ನು ಹಿಡಿದುಕೊಂಡಳು, ಸೂಜಿಯಿಂದಲೇ ಹೀಗಾಯಿತೆಂದು ಓಣಿಗೆಲ್ಲ ಹೇಳಿದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಎರಡೇ ತಿಂಗಳಲ್ಲಿ ನರ್ಸಬಾಯಿಯನ್ನು ಕಂಡರೆ ಬಾಗಿಲು ಹಾಕತೊಡಗಿದರು. ಅವಳು ರಾಮದುರ್ಗದ ಕಡೆ ವರ್ಗ ಮಾಡಿಸಿಕೊಂಡು ಹೋದಳು. ನಾನು ಬಾಯಿ ಬಿಡಲಿಲ್ಲ. ಸಣ್ಣ ಹುಡುಗಿಯನ್ನು ಯಾರು ಕೇಳುತ್ತಿದ್ದರು ಎಂದು ಈಗ ಹೇಳಿಕೊಳ್ಳಬಹುದು.

ತಮ್ಮನಿಗೆ ಹನ್ನೆರಡಾದಾಗ ಧಾರವಾಡದ ಡಾಕ್ಟರೊಬ್ಬರು ಇದಕ್ಕೆ ಆಟಿಸಂ ಎನ್ನುತ್ತಾರೆ ಎಂದರು. ಸೂಜಿಗೂ ಇದಕ್ಕೂ ಸಂಬಂಧವಿಲ್ಲ, ಹುಟ್ಟುವ ಮೊದಲೇ ಮಿದುಳು ಬೇರೆ ರೀತಿಯಲ್ಲಿ ಬೆಳೆದಿರುತ್ತದೆ, ಯಾರ ತಪ್ಪೂ ಅಲ್ಲ ಎಂದು ಬಿಡಿಸಿ ಹೇಳಿದರು. ಅವ್ವ ಕೇಳಿದ್ದು ಒಂದೇ: “ರಕ್ತದಾಗ ಬರತೈತೇನ್ರಿ?”

ಕೆಲವು ಮನೆತನಗಳಲ್ಲಿ ಹೆಚ್ಚು ಕಾಣುತ್ತದೆ, ಆದರೆ ಎಲ್ಲ ಕಾರಣಗಳೂ ಇನ್ನೂ ಗೊತ್ತಾಗಿಲ್ಲ ಎಂದರು. ಅದು ಪ್ರಾಮಾಣಿಕ ಉತ್ತರ. ನಮಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಕೇಳಿಸಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ, “ಈ ರಕ್ತದ ಮಾತು ಇಲ್ಲೇ ಬಿಡು. ನಿನ್ನ ಲಗ್ನ ಆಗಬೇಕು,” ಎಂದಳು.

ಮುಂದಿನ ವರ್ಷ ಕಿತ್ತೂರಿನಿಂದ ಗಂಡಿನವರು ನೋಡಲು ಬಂದರು. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಒಳಗೆ ಚಿಲಕದ ಸದ್ದು ನಿಲ್ಲಲೇ ಇಲ್ಲ. ಮುಂದೆ ನನ್ನ ಅತ್ತೆಯಾದವರು, “ಆ ಹುಡುಗ ಹುಟ್ಟಿಂದನ ಹಿಂಗೇನ್ರಿ?” ಎಂದು ಕೇಳಿದರು.

“ಇಲ್ಲರಿ, ಚಲೋ ಇದ್ದ. ಸೂಜಿ ಮಾಡಿಸಿದ ಮ್ಯಾಲ ಹಿಂಗಾತು,” ಎಂದಳು ಅವ್ವ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಅವ್ವ ಒಂದರಲ್ಲೇ ಮುಗಿಸಿದಳು.

ಆ ಒಂದು ನನ್ನ ಹಿಂದೆಯೇ ಕಿತ್ತೂರಿಗೆ ಬಂತು. ಮಗಳು ಹುಟ್ಟಿದಾಗ ಅತ್ತೆ ಖಡಾಖಂಡಿತವಾಗಿ ಹೇಳಿದರು: “ನಮ್ಮ ಕೂಸಿಗೆ ಸೂಜಿ ಬ್ಯಾಡ. ನಿಮ್ಮ ಮನ್ಯಾಗ ಆಗಿದ್ದು ಸಾಕು.” ಬಾಣಂತನ ಮಾಡುತ್ತಿದ್ದ ಅವ್ವ ಕೂಸಿನ ಕುಲಾವಿ ಕಟ್ಟುತ್ತ ಕೂತಳು. ಗಂಡನೂ ತನ್ನ ತಾಯಿಗೆ ಎದುರಾಡುವವನಲ್ಲ. ನಾನೂ ಸುಮ್ಮನಿದ್ದೆ, ಆಗ ನನಗೆ ಸುಮ್ಮನಿರುವುದು ಚೆನ್ನಾಗಿ ರೂಢಿಯಾಗಿತ್ತು.

ಮಗಳಿಗೆ ಒಂಬತ್ತು ತಿಂಗಳಾದಾಗ ಪಕ್ಕದ ಮನೆಯ ಮಗುವಿಗೆ ದಡಾರ ಎದ್ದಿತು. ಬೇವಿನ ಸೊಪ್ಪು ಕಟ್ಟಿದರು. ಉಸಿರು ಸಿಕ್ಕಿಕೊಂಡಾಗ ಬೆಳಗಾವಿಗೆ ಒಯ್ದರು. ಮಗು ತಿರುಗಿ ಬರಲಿಲ್ಲ. ಆ ಮನೆಯ ಅಳು ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ.

ಆ ವಾರವೇ ಅಲ್ಲಿಯ ನರ್ಸ್ ದಡಾರದ ಸೂಜಿ ಹಾಕಲು ಮನೆಮನೆಗೆ ಬಂದಳು. ನಮ್ಮ ಹೊಸ್ತಿಲ ಮುಂದೆ ಇಬ್ಬರು ಹೆಂಗಸರು ಕೂಸು ಎತ್ತಿಕೊಂಡು ನಿಂತಿದ್ದರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ನಮ್ಮಲ್ಲೆ ಬ್ಯಾಡ್ರಿ. ಸೊಸಿ ತಮ್ಮ ಸೂಜಿಯಿಂದನ ಹಾಳಾಗ್ಯಾನ. ಹೇಳವಾ, ನೀನ ಹೇಳು.”

ಒಬ್ಬ ಹೆಂಗಸು ಆಗಲೇ ಮನೆಯ ಕಡೆ ತಿರುಗಿದ್ದಳು.

“ಸೂಜಿಯಿಂದ ಅಲ್ರಿ,” ಎಂದೆ. “ಅದಕ್ಕಿಂತ ಮೊದಲ ಅವಾ ಹಂಗ ಇದ್ದ. ನನ್ನ ತೊಡಿ ಮ್ಯಾಲ ಇದ್ದ, ನಾ ನೋಡೇನಿ.”

“ಹಂಗಾರ ಯಾತರಿಂದ?” ಎಂದರು ಅತ್ತೆ.

“ಹುಟ್ಟಿಂದ ಬಂದದ್ರಿ. ರಕ್ತದಾಗೂ ಇರಬಹುದು ಅಂದಾರ ಡಾಕ್ಟರು.”

“ನಿಮ್ಮವ್ವ ಸುಳ್ಳು ಹೇಳಿದ್ಳು?”

“ಹೌದ್ರಿ.”

ಹೆದರಿಕೆಯಾಗಲಿಲ್ಲ. ಹಗುರವೂ ಅನ್ನಿಸಲಿಲ್ಲ. ನನ್ನ ಕೈಗಳು ಬೇರೆ ಯಾರದೋ ಇದ್ದಂತಿದ್ದವು. ಅವೇ ಹೋಗಿ ಮಗಳನ್ನು ಎತ್ತಿಕೊಂಡು ಬಂದು ನರ್ಸಿನ ಮುಂದೆ ಅವಳ ತೋಳು ಹಿಡಿದವು. ತಿರುಗಿದ್ದ ಹೆಂಗಸು ಅಲ್ಲೇ ನಿಂತು ನೋಡಿದಳು, ಆಮೇಲೆ ತನ್ನ ಕೂಸನ್ನು ಮುಂದೆ ಹಿಡಿದಳು.

ಅತ್ತೆ ಬೈಯಲಿಲ್ಲ, ತವರಿಗೂ ಅಟ್ಟಲಿಲ್ಲ. ಅವ್ವನ ಜೊತೆ ಮಾತ್ರ ಮಾತು ಬಿಟ್ಟರು. ಸುದ್ದಿ ಮುಟ್ಟಿದ ದಿನ ಅವ್ವ ಫೋನಿನಲ್ಲಿ, “ಅಂತೂ ನನ್ನ ಮ್ಯಾಲ ಹಾಕಿದಿ,” ಎಂದಳು. ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದ್ದು ಇಬ್ಬರಿಗೂ ನೆನಪಿತ್ತು. ನಾನು ಹೂಂ ಎಂದೆ.

ಒಂದು ಮಧ್ಯಾಹ್ನ ಅತ್ತೆ ತೊಟ್ಟಿಲ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮಗಳು ತಿರುಗಿ ನೋಡಿ ನಕ್ಕಳು. ಅವರು ಈಚೆ ಬಂದು ಮತ್ತೆ ತಟ್ಟಿದರು. ಮರುದಿನವೂ ತಟ್ಟಿದರು. ನನಗೆ ಸಿಟ್ಟು ಬರಬೇಕಿತ್ತು. ಅವರು ನೀರು ತರಲು ಹೋದಾಗ ನಾನೂ ತೊಟ್ಟಿಲ ಹಿಂದೆ ಹೋಗಿ ನಿಂತೆ, ಮೆಲ್ಲಗೆ ತಟ್ಟಿದೆ, ಅವಳು ತಿರುಗುವವರೆಗೆ ಕಾಯ್ದೆ.