ಮೇಲ್ನೋಟಕ್ಕೆ ಕಾಣದ ಕಲೆ

ಸಕಲ ಜೀವರ ಅಂತರಂಗಕ್ಕೂ ಸಾಕ್ಷಿಯಾದ ಸರ್ವೇಶ್ವರನಿಗೆ ಮೊದಲ ವಂದನೆ. ಈ ಬರಹದಲ್ಲಿ ಅನೃತದ ಒಂದಕ್ಷರವೂ ನುಸುಳದಂತೆ ಅವನೇ ಕಾಯಲಿ.

ಮೂಡಣ ಇನ್ನೂ ಕೆಂಪೇರಿಲ್ಲ. ಓಣಿಯ ಕೊನೆಯ ಲಾಂಡ್ರಿಯ ಹಿಂಗೋಣೆಯಲ್ಲಿ ಹಂಡೆಯ ನೀರು ಮರಳುತ್ತಿದೆ. ಹಬೆಯ ನಡುವೆ ಬಾಗಿ ನಿಂತ ಅರುವತ್ತರ ಹೆಂಗಸು ಹೋಟೆಲೊಂದರ ಮೇಜುವಸ್ತ್ರವನ್ನು ನೀರಿಗಿಳಿಸಿ, ಮೇಲೆತ್ತಿ, ದೀಪದ ಬೆಳಕಿಗೆ ಹಿಡಿಯುತ್ತಾರೆ. "ಒಣಗಿದ್ದಾಗ ಕಲೆ ಸಾಚಾ ಥರ ಅಡಗಿರುತ್ತೆ. ನೆನೆದ ಮೇಲೆ ಬಣ್ಣ ಬಯಲು," ಎಂದು ನಗುತ್ತಾರೆ.

ನ್ಯಾಯಾಲಯದ ಕಾರಿಡಾರಿನಲ್ಲಿ ಇವರು ಖುದ್ದಮ್ಮ. ವಕೀಲರ ಹೆಸರಿರಬೇಕಾದ ಜಾಗದಲ್ಲಿ 'ಖುದ್ದು' ಎಂದೇ ಬರೆಸುತ್ತ ಬಂದುದಕ್ಕೆ ಜವಾನರು ಇಟ್ಟ ಹೆಸರು. "ಒಬ್ಬ ವಕೀಲರನ್ನ ಇಟ್ಕೋಬಾರದೇನಮ್ಮಾ?" ಎಂದು ಅವರು ಕೆಣಕಿದರೆ, "ಊರವರ ಬಟ್ಟೆಯೆಲ್ಲ ಒಗೆಯೋಳು, ನನ್ನದನ್ನ ಇನ್ನೊಬ್ಬರ ಕೈಲಿ ಒಗೆಸಲೇನಪ್ಪಾ?" ಎಂಬ ಉತ್ತರ ಸಿದ್ಧ.

ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಹರೆಯ ಸವೆಸಿದವರು ಇವರು. ಒಂದು ದಿನ ಹೊದಿಕೆಗಳ ಗಂಟೊಂದು ಕಾಣೆಯಾಯಿತು. ಬೀಗದ ಕೈ ಇವರಲ್ಲಿತ್ತು. ಕೆಲಸದಿಂದ ತೆಗೆದ ಆದೇಶದಲ್ಲಿ 'ಕಳವು' ಎಂಬ ಪದ ಬಂದು ಕುಳಿತಿತು. ಕೆಲಸ ಹೋದುದಕ್ಕೆ ಅತ್ತವರಲ್ಲ. ಆ ಒಂದು ಪದವನ್ನು ಅಳಿಸಲೆಂದೇ ಕೋರ್ಟಿನ ಮೆಟ್ಟಿಲು ಹತ್ತಿದರು. ಕೆಳಗಿನ ಕೋರ್ಟು ಒಪ್ಪಲಿಲ್ಲ. ಉಚ್ಚ ನ್ಯಾಯಾಲಯ ಮೇಲ್ಮನವಿಗಳನ್ನು ತಳ್ಳಿಹಾಕಿತು. ಆ ತೀರ್ಪನ್ನು ಮರಳಿ ಪರಿಶೀಲಿಸಬೇಕೆಂಬ ಕೊನೆಯ ಅರ್ಜಿ ಕಳೆದ ವಾರ ವಿಚಾರಣೆಗೆ ಬಂತು.

"ತೀರ್ಪಿನಲ್ಲಿ ಮೇಲ್ನೋಟಕ್ಕೇ ಕಾಣುವ ದೋಷವಿದ್ದರೆ ಮಾತ್ರ ನಾವು ಮತ್ತೆ ನೋಡಬಹುದು. ಅಂಥದ್ದು ಇದೆಯೇನಮ್ಮಾ?" ನ್ಯಾಯಮೂರ್ತಿಗಳು ಸೌಮ್ಯವಾಗಿಯೇ ಕೇಳಿದರು.

"ಮೇಲ್ನೋಟಕ್ಕೆ ಕಾಣಲ್ಲ ಸ್ವಾಮಿ. ನೆನೆಸಿ ನೋಡಿದ್ರೆ ಕಾಣುತ್ತೆ."

ಕೂತವರೆಲ್ಲ ಗೊಳ್ಳೆಂದರು. ನ್ಯಾಯಮೂರ್ತಿಗಳು ನಗಲಿಲ್ಲ. ಆದರೆ ಕಾನೂನಿನ ಕಟ್ಟಳೆಯನ್ನು ಅವರೂ ಮೀರುವಂತಿರಲಿಲ್ಲ. ದೋಷ ಮೇಲ್ನೋಟಕ್ಕಿಲ್ಲವೆಂದು ಅರ್ಜಿದಾರರೇ ಒಪ್ಪಿದ್ದಾರೆಂದು ದಾಖಲಿಸಿ, ಮರುಪರಿಶೀಲನೆಗೆ ನಿರಾಕರಿಸಿದರು.

ಲಾಂಡ್ರಿಯಲ್ಲಿ ಜೊತೆಗೇ ದುಡಿಯುವ ಮಗಳ ಸಂಕಟ ಇನ್ನೂ ಆರಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿ ಕೇಳುತ್ತಾಳೆ: "ಮೇಲ್ನೋಟಕ್ಕೇ ಕಾಣುತ್ತೆ ಅಂತ ಒಂದು ಮಾತು ಅಂದುಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತಮ್ಮಾ?"

"ಸುಳ್ಳು ಹೇಳಿ, ಕಳ್ಳಿ ಅಲ್ಲ ಅನ್ನಿಸ್ಕೋಬೇಕೇನೇ?"

ಮಗಳು ಮತ್ತೆ ಇಸ್ತ್ರಿಗೆ ಬಾಗುತ್ತಾಳೆ. ಇನ್ನು ಆಸೆಯೇನೆಂದು ಕೇಳಿದರೆ ಖುದ್ದಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾರೆ. "ಆ ಪದ ಕಾಗದದ ಮೇಲೇ ಬಿದ್ದಿರಲಿ ಬಿಡಿ. ಈ ಓಣಿಯವರು ಈಗಲೂ ಜೇಬು ತಡಕದೇ ಅಂಗಿ ಕೊಟ್ಟು ಹೋಗ್ತಾರೆ. ನಾನಿರೋವರೆಗೂ ಹಾಗೇ ಕೊಡ್ತಾ ಇದ್ರೆ ಸಾಕು."

ಇದನ್ನು ಓದಿದವರಿಗೂ ಓದಿಸಿ ಕೇಳಿದವರಿಗೂ ನಿಜ ನುಡಿಯುವ ನಾಲಿಗೆಯನ್ನೂ, ನಿಜವನ್ನು ಆಲಿಸುವ ಕಿವಿಯನ್ನೂ ಭಗವಂತ ಕರುಣಿಸಲಿ.