ಕೆಮ್ಮಿಲ್ಲದ ಓಣಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಯಾರಿಗೂ ಕೆಮ್ಮಿಲ್ಲ. ಇದನ್ನು ನಾನು ಮನೆಮನೆಗೆ ಹೋಗಿ ಕೇಳಿ ತಿಳಿದುಕೊಂಡೆ. ಕೇಳುವುದೇ ನನ್ನ ಕೆಲಸವಾಗಿತ್ತು. ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದವರು ಭಟ್ಟಿಯ ಹೊಗೆಯಲ್ಲಿ ದುಡಿಯುವ ಹೆಂಗಸರ ಉಸಿರಾಟದ ಬಗ್ಗೆ ಒಂದು ಅಧ್ಯಯನ ಕೈಗೊಂಡಿದ್ದರು. ಮನೆಗಳಿಗೆ ಹೋಗಿ ಮಾತಾಡಿಸಲು ಅವರಿಗೆ ಜನ ಬೇಕಾಗಿತ್ತು, ಮಾತಾಡಿಸಲು ನನಗೆ ಯಾವಾಗಲೂ ಜನ ಬೇಕು. ಹಾಗಾಗಿ ದಿನಾ ಬೆಳಿಗ್ಗೆ ಎಂ.ಸಿ.ಸಿ. ಬಡಾವಣೆಯಿಂದ ಸ್ಕೂಟಿ ಹತ್ತಿ ಅಲ್ಲಿಗೆ ಹೋಗುತ್ತಿದ್ದೆ.

"ಕೆಮ್ಮು ಐತೇನ್ರಿ?" ಎಂದು ಕೇಳಿದರೆ "ಇಲ್ರಿ" ಎಂದು ಹೇಳಿ ಕೆಮ್ಮುತ್ತಿದ್ದರು. ಕೆಮ್ಮು ನಿಲ್ಲುವವರೆಗೆ ಕಾದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ.

ನಮ್ಮ ಅಜ್ಜಿ ಕಾಯಿಲೆಯವರ ಮನೆಗೆ ಹೋದರೆ ಮೊದಲು ಎಮ್ಮೆಯ ಹಾಲು ಹೇಗಿದೆ ಎಂದು ವಿಚಾರಿಸುತ್ತಿದ್ದಳು. ಆಮೇಲೆ ಮಳೆ, ಆಮೇಲೆ ಮೊಮ್ಮಕ್ಕಳು. ಅಷ್ಟರಲ್ಲಿ ಕಾಯಿಲೆ ತಾನಾಗಿಯೇ ಒಳಗಿನಿಂದ ಎದ್ದು ಬಂದು ಪಡಸಾಲೆಯಲ್ಲಿ ಕೂರುತ್ತಿತ್ತು. ಭಟ್ಟಿ ಓಣಿಯಲ್ಲಿ ಎಮ್ಮೆಗಳಿರಲಿಲ್ಲ, ನಾನು ಮಂಡಕ್ಕಿಯಿಂದ ಶುರು ಮಾಡುತ್ತಿದ್ದೆ. ಅದರ ಪರಿಣಾಮವೆಂದರೆ ಪ್ರತಿ ಮನೆಯವರೂ ಒಂದು ತಟ್ಟೆ ಮಂಡಕ್ಕಿ ತಂದಿಡುತ್ತಿದ್ದರು. ಒಗ್ಗರಣೆ ಹಾಕಿದ್ದು, ಖಾರ ಹಾಕಿದ್ದು, ಬರೀ ಬಿಸಿಯದು. ಒಂದು ಮನೆಯಲ್ಲಿ ತಿಂದು ಇನ್ನೊಂದು ಮನೆಯಲ್ಲಿ ಬೇಡ ಎನ್ನುವ ಹಾಗಿರಲಿಲ್ಲ, ಗೋಡೆಗಳು ತೆಳು. ಅಧ್ಯಯನ ಅರ್ಧಕ್ಕೆ ಬರುವ ಹೊತ್ತಿಗೆ ಮೆಟ್ಟಿಲು ಹತ್ತುವಾಗ ನನ್ನ ಉಸಿರಾಟದಲ್ಲೂ ಸ್ವಲ್ಪ ವ್ಯತ್ಯಾಸ ಕಾಣತೊಡಗಿತು.

ಪ್ರಶ್ನೆ ಕೇಳುವುದಕ್ಕೆ ಮೊದಲು ಎಲ್ಲರಿಗೂ ಒಂದು ಮಾತು ಕೊಡುವುದು ನಮ್ಮ ನಿಯಮ. ನೀವು ಹೇಳಿದ್ದನ್ನು ನಾವು ಹೊರಗೆ ಯಾರಿಗೂ ಹೇಳುವುದಿಲ್ಲ ಎಂದು. ಆ ಮಾತು ಮುಗಿಯುವಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು, "ನಾವೂ ಹೇಳಲ್ರಿ, ನೀವು ಕೇಳ್ರಿ" ಎನ್ನುತ್ತಿದ್ದರು.

ಓಣಿಯ ಕೊನೆಯಲ್ಲಿ, ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದ ಒಬ್ಬರಿದ್ದರು. ಮದುವೆಯಾಗಿ ಬಂದ ದಿನದಿಂದ ಭಟ್ಟಿಯ ಮುಂದೆ ನಿಂತವರು. ಉಪ್ಪುನೀರು ಕುಡಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದು, ಅರಳಿದ ಕೂಡಲೇ ಬಾಚಿ ಜರಡಿಗೆ ಹಾಕುವ ಕೆಲಸ ಅವರದು. ಕೆಳಗೆ ಭತ್ತದ ಹೊಟ್ಟಿನ ಬೆಂಕಿ. ಹೊಗೆ ಹೋಗಲೆಂದು ಚಿಮಣಿ ಇಟ್ಟಿದ್ದರು, ಹೊಗೆಗೆ ಅದು ಗೊತ್ತಿರಲಿಲ್ಲ. ಅವರ ಗಂಡ, ಎಲ್ಲರ ಬಾಯಲ್ಲೂ ಚಾಚಾ, ಮಂಡಕ್ಕಿ ಚೀಲಗಳನ್ನು ಅಂಗಡಿಗಳಿಗೆ ಹಾಕಿ ಬರುತ್ತಿದ್ದರು. ಮನೆಯಲ್ಲಿ ಉರ್ದು, ನನ್ನೊಡನೆ ಕನ್ನಡ, ಬೆಕ್ಕನ್ನು ಬೈಯುವಾಗ ಎರಡೂ.

"ಆಪಾ, ಕೆಮ್ಮು ಐತೇನ್ರಿ?"

ಆಪಾ ತಲೆ ಆಡಿಸಿದರು. ಇಲ್ಲ ಎಂದು. ಕೆನ್ನೆಯ ಒಳಗೆ ಏನನ್ನೋ ಒತ್ತಿ ಹಿಡಿದಿದ್ದರು. ಲವಂಗದ ವಾಸನೆ ಬರುತ್ತಿತ್ತು.

"ಆಕಿಗೆ ಕೆಮ್ಮಿಲ್ರಿ," ಎಂದರು ಚಾಚಾ, ಚೀಲದ ಬಾಯಿ ಹೊಲಿಯುತ್ತ. "ಗಂಟ್ಲು ಸರಿ ಮಾಡ್ಕೊಳ್ತಾಳೆ ಅಷ್ಟೇ."

"ಎಷ್ಟು ದಿನದಿಂದ್ರಿ?"

"ಮಗಳು ಹುಟ್ಟೋಕೆ ಮೊದ್ಲಿಂದ. ಇನ್ನೂ ಸರಿ ಆಗಿಲ್ಲ."

ನನ್ನ ಚೀಲದಲ್ಲಿ ಉಸಿರು ಅಳೆಯುವ ಒಂದು ಪ್ಲಾಸ್ಟಿಕ್ ಕೊಳವೆ ಇರುತ್ತಿತ್ತು. ಜೋರಾಗಿ ಊದಿದರೆ ಅದರ ಮೇಲಿನ ಮುಳ್ಳು ಮುಂದೆ ಓಡುತ್ತದೆ. ಓಣಿಯಲ್ಲಿ ಅದಕ್ಕೆ ಒಳ್ಳೆಯ ಹೆಸರಿತ್ತು, ಯಾರ ಮುಳ್ಳು ಎಲ್ಲಿಗೆ ಹೋಯಿತು ಎನ್ನುವುದು ನಳದ ಹತ್ತಿರ ಚರ್ಚೆಯಾಗುತ್ತಿತ್ತು. ಕೊಳವೆ ಕಂಡ ಕೂಡಲೇ ಆಪಾ ಮಗಳನ್ನು ಕರೆದರು. ಮಗಳು ಬಂದು, ದುಪಟ್ಟಾ ಸರಿಮಾಡಿಕೊಂಡು, ಊದಿದಳು. ಮುಳ್ಳು ಕೊನೆಗೆ ಹೋಗಿ ಬಡಿಯಿತು. ಆಪಾ ನನ್ನ ಕಡೆ ನೋಡಿ, ಬರೆದುಕೊಳ್ಳಿ ಎಂದು ಕೈಸನ್ನೆ ಮಾಡಿದರು.

"ಆಪಾ, ನಿಮ್ಮ ಉಸಿರು ಬೇಕ್ರಿ."

"ಮನೆ ಒಂದೇ ಅಲ್ಲೇನ್ರಿ," ಎಂದರು ಚಾಚಾ.

ಕೊನೆಗೆ ಆಪಾ ಊದಿದರು. ಮುಳ್ಳು ಸೋಮವಾರ ಆಫೀಸಿಗೆ ಹೊರಟವರ ಹಾಗೆ ಒಂದಿಷ್ಟು ಸರಿದು ನಿಂತಿತು. ಆಪಾ ಗೋಡೆ ಹಿಡಿದು ಕೂತರು. ನಳದಿಂದ ಬಾಗಿಲವರೆಗೆ ಒಂದು ಕೊಡ ತರಲು ಅವರು ನಡುವೆ ಕೂರುತ್ತಿದ್ದರು ಎನ್ನುವುದು ಆಮೇಲೆ ಗೊತ್ತಾಯಿತು. ಮಗಳು ನೀರು ತರಲು ಒಳಗೆ ಹೋದಾಗ ಅವರು ಲವಂಗವನ್ನು ಕೈಗೆ ತೆಗೆದು, ಕೆಮ್ಮಿ, ಮತ್ತೆ ಬಾಯಿಗೆ ಹಾಕಿಕೊಂಡು ವಿಷಯ ಹೇಳಿದರು.

ಮಗಳಿಗೆ ಹರಿಹರದ ಸಂಬಂಧ ಕೂಡಿ ಬಂದಿತ್ತು. ಹುಡುಗ ಗುತ್ತೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಲೇತ್ ಮಿಷನ್ ಮೇಲೆ ಕೆಲಸಕ್ಕಿದ್ದ. ಒಳ್ಳೆಯ ಹುಡುಗ, ಮಗಳಿಗೂ ಮನಸ್ಸಿತ್ತು. ಅವರ ಮನೆಯವರು ನೋಡಲು ಬರುವವರಿದ್ದರು.

"ಕೆಮ್ಮೋ ತಾಯಿ ಅದಾಳೆ ಅಂದ್ರೆ ಟಿ.ಬಿ. ಅಂತಾರೆ. ತಾಯಿಗೆ ಐತೆ ಅಂದ್ರೆ ಮಗಳಿಗೂ ಐತೆ ಅಂತಾರೆ. ಆಮೇಲೆ ಮಾತು ಮುಗೀತು."

"ಕಫ ಪರೀಕ್ಷೆ ಪುಕ್ಕಟೆ ಮಾಡ್ತಾರ್ರಿ ಆಪಾ. ಏನೂ ಇಲ್ಲ ಅಂತಾನೂ ಆಗ್ಬಹುದು. ಇದ್ರೂ ಔಷಧಿ ಐತೆ, ವಾಸಿ ಆಗ್ತದೆ."

"ಆಸ್ಪತ್ರೆ ಲೈನಾಗೆ ನಮ್ಮ ಓಣಿಯೋರೇ ಇರ್ತಾರೆ. ತಾವು ಯಾಕ ಬಂದೀವಿ ಅಂತ ಅವರು ಹೇಳಲ್ಲ. ನಾನು ಯಾಕ ಬಂದಿದ್ದೆ ಅಂತ ಎಲ್ಲರಿಗೂ ಹೇಳ್ತಾರೆ. ನಿಕಾಹ್ ಆಗ್ಲಿ, ಆಮೇಲೆ ನೀವು ಎಲ್ಲಿ ಹೇಳ್ತೀರೋ ಅಲ್ಲಿ ಉಗುಳ್ತೀನಿ."

ಮಂಡಕ್ಕಿ ತಿಂದು ಎದ್ದೆ.

ಹರಿಹರದವರು ಬಂದು ಹೋದರು. ಕೆಲವು ದಿನ ಬಿಟ್ಟು ನಾನು ಹೋದಾಗ ಆ ಮನೆಯಲ್ಲಿ ಭಟ್ಟಿ ಉರಿಯುತ್ತಿದ್ದರೂ ಎಲ್ಲರೂ ತಣ್ಣಗಿದ್ದರು.

"ಬ್ಯಾಡ ಅಂದ್ರೇನು?"

"ಬ್ಯಾಡ ಅಂದಿಲ್ಲ," ಎಂದರು ಚಾಚಾ. "ಯೋಚ್ನೆ ಮಾಡ್ತೀವಿ ಅಂದಾರೆ. ಬ್ಯಾಡ ಅನ್ನೋಕೆ ಬಸ್ ಚಾರ್ಜ್ ಯಾಕ ಅಂತ ಫೋನ್ನಾಗೆ ಹೇಳ್ತಾರೆ."

"ಕೆಮ್ಮು ಗೊತ್ತಾಯ್ತೇನು?"

"ಎಲ್ಲಿ ಗೊತ್ತಾಗ್ತದೆ? ಈಕಿ ಬಾಯೇ ಬಿಟ್ಟಿಲ್ಲ."

ಅದೇ ತೊಂದರೆಯಾಗಿತ್ತು. ಮಾತಾಡಿದರೆ ಕೆಮ್ಮು ಬರುತ್ತದೆಂದು ಆಪಾ ಎರಡು ಲವಂಗ ಕಚ್ಚಿ, ಬಂದವರು ಎದ್ದು ಹೋಗುವವರೆಗೆ ತುಟಿ ಬಿಚ್ಚಿರಲಿಲ್ಲ. ಪ್ರಯಾಣ ಹೇಗಾಯಿತು ಎನ್ನಲಿಲ್ಲ, ಇನ್ನೊಂದು ಸ್ವಲ್ಪ ಹಾಕಿಕೊಳ್ಳಿ ಎನ್ನಲಿಲ್ಲ. ಹುಡುಗನ ತಾಯಿ ನಡುವಿನವರ ಕೈಯಲ್ಲಿ ಹೇಳಿ ಕಳಿಸಿದ್ದರು: ಹುಡುಗಿ ಚೆನ್ನಾಗಿದ್ದಾಳೆ, ಹುಡುಗಿಯ ತಾಯಿಗೆ ಬಹಳ ದಿಮಾಕು, ನಾವು ಗಾದಿ ಹೊಲಿಯುವವರು ಎಂದು ತಾತ್ಸಾರ ಇರಬೇಕು.

ಆಪಾ ಕಣ್ಣೊರೆಸಿಕೊಂಡರು. ಹೊಗೆಗೋ ಏನೋ. "ಮೇಡಂ, ನಿಮಗೆ ಮಾತು ಬರ್ತದೆ. ನಮ್ಮ ಜೊತಿ ಹರಿಹರಕ್ಕೆ ಬರ್ರಿ. ನನ್ನ ಪಾಲಿಂದು ನೀವು ಮಾತಾಡ್ರಿ."

ಇಂಥ ಸಂದರ್ಭದಲ್ಲಿ ಏನು ಮಾಡಬೇಕೆಂದು ನಮಗೆ ಕೊಟ್ಟ ತರಬೇತಿಯಲ್ಲಿ ಹೇಳಿರಲಿಲ್ಲ. ಹೋಗಬಾರದೆಂದೂ ಹೇಳಿರಲಿಲ್ಲ.

ಆಪಾ, ಚಾಚಾ, ನಾನು ಮೂವರೂ ಬಸ್ಸಿನಲ್ಲಿ ಹೋದೆವು. ಹರಿಹರದ ಮನೆ ಪೇಟೆಯ ಒಳಗಿನ ಒಂದು ಬೀದಿಯಲ್ಲಿತ್ತು. ಮುಂದೆ ಗಾದಿ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಹುಡುಗನ ತಾಯಿ ದಪ್ಪಗಿನ, ನೇರ ನೋಡುವ ಹೆಂಗಸು. ಮನೆಯಲ್ಲೂ ಕನ್ನಡವೇ ಮಾತಾಡುತ್ತಿದ್ದರು. "ಬರ್ರಿ, ಕೂಡ್ರಿ" ಎಂದರು. ಚಹಾ ಬಂತು. ಆಪಾ ಕೂತರು, ಲವಂಗ ಕೆನ್ನೆಯಲ್ಲಿ, ಕೈ ಮಡಿಲಲ್ಲಿ, ಫೋಟೋ ತೆಗೆಸಿಕೊಳ್ಳುವವರ ಹಾಗೆ.

ನಾನು ಶುರು ಮಾಡಿದೆ. ಬಿಸಿಲು, ಬಸ್ಸು, ಹರಿಹರದ ನೀರು, ಹುಡುಗಿಯ ಕೈರುಚಿ. ಹುಡುಗನ ತಾಯಿ ಎಲ್ಲ ಕೇಳಿ, "ನೀವು ಹುಡುಗಿಗೆ ಏನಾಗ್ಬೇಕ್ರಿ?" ಎಂದರು.

"ಪರಿಚಯದೋರು."

"ಕೆಲಸ?"

"ಅಧ್ಯಯನ ಮಾಡ್ತೀನ್ರಿ. ಇವರ ಓಣಿಯಾಗೆ."

"ಯಾತರ ಅಧ್ಯಯನ?"

ಚಾಚಾ ಫ್ಯಾನ್ ನೋಡತೊಡಗಿದರು. ಉಸಿರಾಟ ಎನ್ನುವ ಹಾಗಿರಲಿಲ್ಲ, ಮಾತು ಕೊಟ್ಟಾಗಿತ್ತು.

"ಮಂಡಕ್ಕಿದು," ಎಂದೆ.

"ಮಂಡಕ್ಕ್ಯಾಗೆ ಅಧ್ಯಯನ ಮಾಡೋದು ಏನೈತ್ರಿ?"

"ಬಾಳ ಐತ್ರಿ," ಎಂದು ಹೇಳಿ, ಅಕ್ಕಿ, ಉಪ್ಪುನೀರು, ಮರಳಿನ ಕಾವು ಎಲ್ಲವನ್ನೂ ವಿವರಿಸಿದೆ. ನನಗೆ ಗೊತ್ತಿದ್ದದ್ದು ಮುಗಿದ ಮೇಲೂ ಸ್ವಲ್ಪ ದೂರ ಹೋದೆ. ಚಾಚಾ ಒಂದೆರಡು ಕಡೆ ಆಶ್ಚರ್ಯಪಟ್ಟರು.

ಹುಡುಗನ ತಾಯಿ ಲೋಟ ಕೆಳಗಿಟ್ಟರು. "ಎಲ್ಲಾ ನೀವೇ ಹೇಳ್ತಾ ಅದೀರಿ. ಭಟ್ಟಿ ಮುಂದೆ ನಿಲ್ಲೋರು ಅವರು. ಅವರಿಗೆ ಬಾಯಿಲ್ಲೇನು? ನಮ್ಮ ಜೊತಿ ಆಡಿದ್ರೆ ಸವೀತದೇನು?"

ಆ ಹೊತ್ತಿಗೆ ಮುಂದಿನ ಅಂಗಡಿಗೆ ಯಾರೋ ಹಳೆ ಗಾದಿ ತಂದಿರಬೇಕು. ಪರದೆಯ ಆಚೆ ಹತ್ತಿ ಬಿಡಿಸುವ ಮಿಷನ್ ಶುರುವಾಯಿತು. ಬಿಸಿಲಿನ ಕೋಲಿನಲ್ಲಿ ಹತ್ತಿಯ ಎಳೆಗಳು ತೇಲಿಕೊಂಡು ಒಳಗೆ ಬಂದವು. ಒಂದು ಎಳೆ ಆಪಾ ಅವರ ಮೂಗಿನ ಹತ್ತಿರ ಬಂತು. ಅವರು ಅದನ್ನು ನೋಡಿದರು. ನಾನೂ ನೋಡಿದೆ. ಮಾಡುವಂಥದ್ದು ಏನೂ ಇರಲಿಲ್ಲ.

ಆಪಾ ಕೆಮ್ಮಿದರು. ಇಷ್ಟು ದಿನ ತಡೆದದ್ದೆಲ್ಲ ಒಟ್ಟಿಗೆ ಬಂದಂತೆ ಕೆಮ್ಮಿದರು. ಲವಂಗ ಹಾರಿ ಸಾಸರಿಗೆ ಬಿತ್ತು. ಚಾಚಾ ಚಪ್ಪಲಿ ಎಲ್ಲಿದೆ ಎಂದು ಬಾಗಿಲ ಕಡೆ ನೋಡಿದರು.

ಹುಡುಗನ ತಾಯಿ ಎದ್ದು ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ಬಿಸಿನೀರು ತಂದರು. ಆಪಾ ಪಕ್ಕದಲ್ಲಿ ಕೂತು, ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದರಲ್ಲಿ ಬೆನ್ನು ನೀವಿದರು. ಕೆಮ್ಮು ತಗ್ಗಿದ ಮೇಲೆ ಸಾಸರಿನ ಕಡೆ ಒಮ್ಮೆ ನೋಡಿದರು.

"ಇಷ್ಟೇನಾ?"

ಆಪಾ ಬಿಸಿನೀರು ಗುಟುಕರಿಸಿದರು.

"ಭಟ್ಟಿ ಮನೆ ಹೆಣ್ಣು ನೋಡೋಕೆ ಬಂದ್ವಿ. ಓಣಿ ತುಂಬ ಹೊಗೆ, ಮನೆಯಾಗೆ ಒಬ್ರೂ ಕೆಮ್ಮಲ್ಲ. ನಮ್ಮನೆಯೋರು ಬಸ್ಸಿನಾಗೆ ಅಂದ್ರು, ಇವರು ಏನೋ ದೊಡ್ಡದು ಮುಚ್ಚಿಟ್ಟಾರೆ ಅಂತ. ನಾನು ಇಲ್ಲ, ದಿಮಾಕು ಅಂದೆ. ಇಡೀ ದಾರಿ ಜಗಳ ಆಯ್ತು."

"ಡಾಕ್ಟ್ರಿಗೆ ತೋರ್ಸಿಲ್ಲ," ಎಂದರು ಆಪಾ. ಅವರು ಆ ಮನೆಯಲ್ಲಿ ಆಡಿದ ಮೊದಲ ಮಾತು ಅದು. "ಅಂಜಿಕೆ. ಟಿ.ಬಿ. ಇದ್ರೆ?"

ಅಷ್ಟು ಸುಲಭಕ್ಕೆ ಹಾರಿಹೋಗುವ ಶಬ್ದ ಅಲ್ಲ ಅದು. ಹುಡುಗನ ತಾಯಿಯ ಕೈ ಆಪಾ ಬೆನ್ನ ಮೇಲೆ ನಿಂತಿತು, ಆದರೆ ಅವರು ಅದನ್ನು ತೆಗೆಯಲಿಲ್ಲ.

"ನಮ್ಮ ಮಾವನೂ ಹತ್ತಿ ಧೂಳಿನಾಗೆ ಕೆಮ್ಮಿ ಕೆಮ್ಮಿ ಹೋದ್ರು. ತೋರಿಸ್ರಿ ಅಂದ್ರೆ ಕೇಳ್ಲಿಲ್ಲ," ಎಂದರು. "ಸಂಬಂಧದ ಮಾತು ಹಂಗೇ ಇರ್ಲಿ. ಆದ್ರೆ ನಿಕಾಹ್‌ಗೆ ಮೊದ್ಲು ಆಸ್ಪತ್ರೆಗೆ ಹೋಗ್ಬೇಕು. ಐತೆ ಅಂದ್ರೆ ಔಷಧಿ ಮುಗೀಲಿ, ಆಮೇಲೆ ತಾರೀಕು. ಇಲ್ಲ ಅಂದ್ರೆ ಮುಂದಿನ ತಿಂಗಳೇ. ಬೀಗಿತ್ತಿ ಇಲ್ದಿದ್ರೆ ನಾನು ನಾಳೆ ಜಗಳ ಯಾರ ಜೊತಿ ಆಡ್ಲಿ?"

ಆಮೇಲೆ ನನ್ನ ಕಡೆ ತಿರುಗಿ, "ಮಂಡಕ್ಕಿ ಮೇಡಂ, ಆಸ್ಪತ್ರೆಗೆ ಕರ್ಕೊಂಡು ಹೋಗೋದು ನಿಮ್ಮ ಅಧ್ಯಯನದಾಗೆ ಬರ್ತದೇನು?" ಎಂದರು.

ಬರುತ್ತದೆ ಎಂದೆ.

ಆಸ್ಪತ್ರೆಯ ಸಾಲಿನಲ್ಲಿ ಆಪಾ ಹೇಳಿದಂತೆಯೇ ಅವರ ಓಣಿಯವರು ಇಬ್ಬರು ಸಿಕ್ಕರು. ಒಬ್ಬರು ಯಾರನ್ನೋ ನೋಡಲು ಬಂದಿದ್ದರು, ಇನ್ನೊಬ್ಬರು ಸುಮ್ಮನೆ ಬಂದಿದ್ದರು. ಹರಿಹರದ ಬೀಗಿತ್ತಿ ಬೆಳಗಿನ ಬಸ್ಸಿಗೆ ಬಂದು ಸಾಲಿನಲ್ಲಿ ಆಪಾ ಹಿಂದೆ ನಿಂತರು. ಕಫ ಪರೀಕ್ಷೆಯಾಯಿತು, ಎಕ್ಸ್‌ರೇ ಆಯಿತು. ಟಿ.ಬಿ. ಇರಲಿಲ್ಲ. ಹೊಗೆ ಒಳಗೆ ಕೂತು ಉಸಿರಿನ ದಾರಿ ಸಣ್ಣದಾಗಿದೆ, ಹೋದದ್ದು ಪೂರ್ತಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಎಂದರು ಡಾಕ್ಟರು. ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಭಟ್ಟಿಯ ಮುಂದೆ ನಿಲ್ಲಬೇಡಿ ಎಂದೂ ಹೇಳಿದರು. ಮತ್ತೆ ಯಾರು ನಿಲ್ಲಬೇಕು ಎಂದು ಚಾಚಾ ಕೇಳಿದ್ದಕ್ಕೆ ಅವರು ಮುಂದಿನವರನ್ನು ಕರೆದರು.

ಈಗ ಚಾಚಾ ನಿಲ್ಲುತ್ತಾರೆ. ಆಪಾ ಬಾಗಿಲ ಕಡೆ, ಗಾಳಿಯಾಡುವಲ್ಲಿ ಕೂತು ಜರಡಿ ಹಿಡಿಯುತ್ತಾರೆ. ಕೊಡ ಹೊತ್ತು ಬರುವಾಗ ನಡುವೆ ಕೂರುವುದು ಕಡಿಮೆಯಾಗಿದೆ, ನಿಂತಿಲ್ಲ. ಹೇಳಿದಂತೆ ಮುಂದಿನ ತಿಂಗಳೇ ಮಗಳ ಮದುವೆಯಾಯಿತು. ಮದುವೆಯಲ್ಲಿ ಆಪಾ ಎಲ್ಲರೊಂದಿಗೂ ಮಾತಾಡಿದರು, ನಿಂತು ಪಂಪು ಎಳೆದುಕೊಂಡು ಮತ್ತೆ ಮಾತಾಡಿದರು. ಬಿರಿಯಾನಿ ಬಡಿಸುವ ಹೊತ್ತಿಗೆ ಹರಿಹರದ ಬೀಗಿತ್ತಿ ನನ್ನ ಹತ್ತಿರ ಬಂದು, ಗಂಟಲು ಸರಿಮಾಡಿಕೊಂಡು, ಆ ಲವಂಗ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು.

ಅಧ್ಯಯನದ ಎರಡನೆಯ ಸುತ್ತಿಗೆ ಮತ್ತೆ ಆ ಓಣಿಗೆ ಹೋದೆ. ಆಪಾ ಪ್ರಶ್ನೆಗೆ ಕಾಯಲಿಲ್ಲ. "ಐತೆ, ಬರ್ಕೊಳ್ರಿ," ಎಂದರು. ಬರೆದುಕೊಂಡೆ. ಆಮೇಲೆ ಗೋಡೆಯ ಆಚೆಗೆ ಕೇಳುವಂತೆ ಕೂಗಿ ಹೇಳಿದರು, "ಏಯ್, ನಿಂದೂ ಹೇಳು. ನನಗೆ ರಾತ್ರಿಯೆಲ್ಲಾ ಕೇಳಿಸ್ತದೆ."

ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಳು. ಅವಳ ಹಿಂದೆ ವಯಸ್ಸಿಗೆ ಬಂದ ಮಗಳು ನಿಂತಿದ್ದಳು.

"ಕೆಮ್ಮು ಐತೇನ್ರಿ?" ಎಂದೆ.

ಆಕೆ ಒಮ್ಮೆ ಮಗಳನ್ನು ನೋಡಿದಳು, ಒಮ್ಮೆ ನನ್ನನ್ನು. ಲವಂಗದ ವಾಸನೆ ಬಂತು.

"ಮುಂದಿನ ವರ್ಷ ಬರ್ರಿ ಮೇಡಂ," ಎಂದಳು. "ಇವಳ್ದು ಒಂದು ಆಗ್ಲಿ, ಕೆಮ್ತೀನಿ."