ವರ್ಲಾ ಟ್ವಾಮ್ಲಿಯ ಹಂದಿ ತಕ್ಕಡಿ

ವರ್ಲಾ ಟ್ವಾಮ್ಲಿ ಸತ್ತು ಸ್ವರ್ಗಕ್ಕೆ ಹೋದರೆ ದೇವತೆಗಳ ರೆಕ್ಕೆಯನ್ನೂ ತಕ್ಕಡಿಗೆ ಹಾಕಿ, "ಇಷ್ಟೊಂದು ಗರಿ ಯಾಕ್ರೀ ಬೇಕು?" ಎಂದು ಕೇಳುವುದು ಖಂಡಿತ. ಸದ್ಯಕ್ಕೆ ಹೆಂಗಸು ಗಟ್ಟಿಮುಟ್ಟಾಗಿದ್ದಾಳೆ, ಹಾಗಾಗಿ ದೇವತೆಗಳು ನೆಮ್ಮದಿಯಾಗಿದ್ದಾರೆ. ಆ ನೆಮ್ಮದಿ ನಮ್ಮ ವಿಮಾನದ ಹ್ಯಾಂಗರಿನಲ್ಲಿ ಒಬ್ಬರಿಗೂ ಇಲ್ಲ.

ಒಂಟಾರಿಯೊದ ಟೆಸ್ಕಿ ಕಾರ್ನರ್ಸ್ ಊರಿನ ಪಕ್ಕ, ಮೊದಲು ಜೋಳದ ಹೊಲವಾಗಿದ್ದ ಜಾಗದಲ್ಲಿ, ನಾವು ರನ್‌ವೇ ಬೇಡದ ವಿಮಾನ ಕಟ್ಟುತ್ತಿದ್ದೇವೆ. ರೆಕ್ಕೆಯೊಳಗಿನ ಫ್ಯಾನುಗಳು ಬ್ಯಾಟರಿಯ ಬಲದಿಂದ ಅದನ್ನು ನೆಟ್ಟಗೆ ಮೇಲೆತ್ತುತ್ತವೆ. ಮೇಲೇರಿದ ಮೇಲೆ ಫ್ಯಾನುಗಳ ಬಾಯಿ ಮುಚ್ಚಿಕೊಳ್ಳುತ್ತದೆ, ಪೆಟ್ರೋಲ್ ಎಂಜಿನ್ ಅದನ್ನು ಮಾಮೂಲಿ ವಿಮಾನದ ಹಾಗೆ ಮುಂದಕ್ಕೆ ಒಯ್ಯುತ್ತದೆ, ಒಯ್ಯುತ್ತಲೇ ಬ್ಯಾಟರಿಯನ್ನೂ ತುಂಬುತ್ತದೆ. ಸರೋವರಗಳಾಚೆಯ ಬಸುರಿಯನ್ನು ಆಸ್ಪತ್ರೆಯ ಅಂಗಳಕ್ಕೇ ತಂದು ಇಳಿಸಬಹುದು ಎಂದು ನಮ್ಮ ಯಜಮಾನ ಹ್ಯಾಸ್ಕೆಟ್ ಬಂದವರ ಮುಂದೆಲ್ಲ ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾನೆ. ನೆಟ್ಟಗೆ ಮೇಲೇಳುವ ಆ ಒಂದೆರಡು ನಿಮಿಷದಲ್ಲಿ ವಿಮಾನ ಬ್ಯಾಟರಿಯನ್ನು ಬರಗೆಟ್ಟವರ ಹಾಗೆ ನುಂಗುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅಲ್ಲಿ ಒಂದೊಂದು ಕಿಲೋ ಕೂಡ ಲೆಕ್ಕ. ಆ ಲೆಕ್ಕ ನೋಡುವವಳು ವರ್ಲಾ.

ಅವಳು ಹುಟ್ಟಿದ್ದು ಹಂದಿ ಸಾಕುವವರ ಮನೆಯಲ್ಲಿ, ದುಡಿದದ್ದು ಜಾನುವಾರು ಸಂತೆಯ ತಕ್ಕಡಿಯ ಪಕ್ಕದಲ್ಲಿ. ಹಂದಿಗೆ ಹೊಟ್ಟೆ ತುಂಬ ನೀರು ಕುಡಿಸಿ ತೂಕಕ್ಕೆ ತಂದವನನ್ನು ಅವಳು ಮುಖ ನೋಡಿಯೇ ಹಿಡಿಯುತ್ತಿದ್ದಳಂತೆ. ಹಂದಿಯ ಮುಖವಲ್ಲ, ಅದರ ಯಜಮಾನನ ಮುಖ. ಸಂತೆ ಮುಚ್ಚಿದಾಗ ತಕ್ಕಡಿಯ ಸಮೇತ ನಮ್ಮಲ್ಲಿಗೆ ಬಂದಳು. ದೊಡ್ಡ ದೊಡ್ಡ ಎಂಜಿನಿಯರುಗಳ ಹಣೆಗೂ ತೂಗಿದ ಹಂದಿಗೆ ಗುರುತಿಗೆಂದು ಹಚ್ಚುವ ನೀಲಿ ಬಣ್ಣ ಬಳಿಯುವ ಉತ್ಸಾಹ ಅವಳಲ್ಲಿ ಇನ್ನೂ ಇತ್ತು.

ನಾನು ವಿಮಾನದೊಳಗೆ ವಿದ್ಯುತ್ ತಂತಿ ಎಳೆಯುವವನು. ತಂತಿ ಬಿಗಿಯುವ ಪ್ಲಾಸ್ಟಿಕ್ ಪಟ್ಟಿಗಳ ಬಾಲವನ್ನು ಒಂದು ಬೆರಳಿನಷ್ಟು ಉದ್ದ ಬಿಟ್ಟಿದ್ದೆ. ಅವಳು ಎಲ್ಲ ಬಾಲಗಳನ್ನೂ ಕತ್ತರಿಸಿ ನನ್ನ ಊಟದ ಡಬ್ಬಿಯೊಳಗೆ ಸುರಿದಳು.

"ಏನಮ್ಮ ಇದು?" ಅಂದೆ.

"ನೀನು ವಿಮಾನಕ್ಕೆ ಬಡಿಸಿದ್ದನ್ನ ನೀನೇ ತಿನ್ನು, ಎಲ್ವುಡ್."

ಇಂಥವಳ ಮನೆಯಲ್ಲೇ ದೀಪದ ಕೆಳಗೆ ಕತ್ತಲು. ಅವಳ ಗಂಡ ಆರ್ವಲ್ ನಮ್ಮ ಪೈಲಟ್. ಉತ್ತರದ ಕಾಡುಗಳ ಮೇಲೆ, ನೀರಿನ ಮೇಲಿಳಿಯುವ ಪುಟ್ಟ ವಿಮಾನ ಓಡಿಸಿ ತಲೆ ನರೆತ ಮನುಷ್ಯ. ಅವನಿಗೆ ಬೆಣ್ಣೆ, ಸಕ್ಕರೆ ತುಂಬಿ ಬೇಯಿಸಿದ ಬೆಣ್ಣೆ ಟಾರ್ಟ್ ಎಂಬ ಸಿಹಿ ಅಂದರೆ ಪ್ರಾಣ, ಅದರಲ್ಲೂ ಒಣದ್ರಾಕ್ಷಿ ಹಾಕಿದ್ದು. ವರ್ಲಾ ಹಗಲೆಲ್ಲ ಸ್ಕ್ರೂಗಳ ಕೊಬ್ಬು ಕರಗಿಸಿ, ಸಂಜೆ ಮನೆಗೆ ಹೋಗಿ ಗಂಡನಿಗೆ ಕೊಬ್ಬು ಬಡಿಸುತ್ತಿದ್ದಳು. ನಾವು ಹಲ್ಲು ಕಿಸಿದರೆ, "ನನ್ನ ಗಂಡ, ನನ್ನ ಒಲೆ. ನಿಮಗೇನ್ರೋ ಹೊಟ್ಟೆಯುರಿ?" ಅನ್ನುತ್ತಿದ್ದಳು.

ಎಡವಟ್ಟಾದದ್ದು ಜುಲೈನಲ್ಲಿ. ಅದುವರೆಗೆ ನೆಲಕ್ಕೆ ಕಟ್ಟಿಯೇ ಪರೀಕ್ಷಿಸುತ್ತಿದ್ದ ವಿಮಾನವನ್ನು ಹಗ್ಗ ಬಿಚ್ಚಿ ಮೊದಲ ಬಾರಿ ಹಾರಿಸುವಾಗ ಎಷ್ಟು ತೂಕವಿರಬೇಕು ಎಂದು ಗೊತ್ತುಮಾಡಿದ್ದು ಆಗ. ನಮ್ಮ ಕಡೆ ಜುಲೈನಲ್ಲಿ ಚಳಿಗಾಲದ ಹೆಸರೆತ್ತುವುದು ಮದುವೆಮನೆಯಲ್ಲಿ ತಿಥಿಯ ಮಾತೆತ್ತಿದ ಹಾಗೆ. ಅರ್ಧ ವರ್ಷ ಹಿಮ ತೋಡಿ ಬೆನ್ನು ಮುರಿದುಕೊಂಡವರು ಉಳಿದರ್ಧ ವರ್ಷ ಅಂಥದ್ದೊಂದು ಇದೆಯೆಂದೇ ಒಪ್ಪುವುದಿಲ್ಲ. ಆರ್ವಲ್ ಚಡ್ಡಿ ಚಪ್ಪಲಿಯಲ್ಲಿ ತಕ್ಕಡಿ ಹತ್ತಿದ. ಅವನ ತೂಕ ಅಷ್ಟೇ ಎಂದಾಯಿತು. ದಪ್ಪ ಕೋಟು, ಬೂಟು, ವಿಮಾನ ಎಲ್ಲಾದರೂ ಬಿದ್ದರೆ ಹೆಪ್ಪುಗಟ್ಟದಿರಲು ಒಯ್ಯಲೇಬೇಕಾದ ಚಳಿಗಾಲದ ಗಂಟು, ಇವುಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ವರ್ಲಾ ಕೂಡ ಎತ್ತಲಿಲ್ಲ. ಅವಳೂ ಈ ಮಣ್ಣಿನವಳೇ ತಾನೆ.

ಎಲ್ಲವೂ ತಡವಾಗುತ್ತ ಹಾರುವ ದಿನ ಫೆಬ್ರವರಿಗೆ ಬಂದು ಬಿತ್ತು. ಚಳಿಗೆ ಬ್ಯಾಟರಿಯೂ ಮುದುಡಿಕೊಂಡಿತ್ತು. ತೂಕದ ಮಿತಿಯನ್ನು ಒಂದು ಗುಲಗಂಜಿಯಷ್ಟೂ ಏರಿಸುವುದಿಲ್ಲ ಎಂದು ವರ್ಲಾ ಕಡ್ಡಿ ಮುರಿದ ಹಾಗೆ ಹೇಳಿದಳು. ವಸಂತದವರೆಗೆ ಕಾಯೋಣವೆಂದರೆ ಆರ್ವಲ್‌ಗೆ ವಸಂತವೇ ಇರಲಿಲ್ಲ. ಅವನ ಹೃದಯದ ತಾಳ ತಪ್ಪುತ್ತಿದೆ, ಈ ತಿಂಗಳು ಮುಗಿದ ಮೇಲೆ ಹಾರುವ ಪರವಾನಗಿ ಇಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದರು. ಬದುಕಿಡೀ ಹಾರಿದವನಿಗೆ ಉಳಿದದ್ದು ಇದೊಂದೇ ಹಾರಾಟ.

ವಿಮಾನದಿಂದ ತೆಗೆಯಬಹುದಾದದ್ದನ್ನೆಲ್ಲ ತೆಗೆದೆವು. ಸೀಟಿನ ಮೆತ್ತೆ ಹೋಯಿತು. ಹ್ಯಾಸ್ಕೆಟ್ ಆಸೆಪಟ್ಟು ಹಾಕಿಸಿದ್ದ ಬಾಗಿಲಿನ ಹಿತ್ತಾಳೆ ಫಲಕ ಹೋಯಿತು, ಅವನ ಮುಖ ಒಂದು ವಾರ ಸಪ್ಪಗಿತ್ತು. ಚಳಿಗಾಲದ ಗಂಟು ಮಾತ್ರ ಒಳಗೇ ಉಳಿಯಿತು, ಅದರ ತೂಕವನ್ನು ವರ್ಲಾ ಪೈಲಟ್‌ನ ಪಾಲಿನಿಂದ ಕಳೆದಳು. ಕೊನೆಗೆ ತೂಗಲು ಉಳಿದದ್ದು ಪೈಲಟ್ ಒಬ್ಬನೇ.

ಆ ಬೆಳಿಗ್ಗೆ ನಮ್ಮೆಲ್ಲರ ಮುಂದೆ ಆರ್ವಲ್ ಹಂದಿ ತಕ್ಕಡಿ ಹತ್ತಿದ. ಮುಳ್ಳು ಮಿತಿಯನ್ನು ದಾಟಿ ಎಲ್ಲಿಗೋ ಹೋಯಿತು. ಕೋಟು ಕಳಚಿದ. ಬೂಟು ಕಳಚಿದ. ಸ್ವೆಟರ್, ಅದರೊಳಗಿನ ಸ್ವೆಟರ್, ಪ್ಯಾಂಟು. ಕೊನೆಗೆ ಮೈಗಂಟಿದ ಕೆಂಪು ಉಣ್ಣೆಯ ಒಳಉಡುಪಿನಲ್ಲಿ, ದಪ್ಪ ಕಾಲುಚೀಲದಲ್ಲಿ ನಿಂತ.

"ಇನ್ನೇನು ಬಿಚ್ಚಲಿ, ಚರ್ಮಾನಾ?" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ವರ್ಲಾ ಮುಳ್ಳನ್ನೇ ನೋಡುತ್ತಿದ್ದಳು.

"ಇನ್ನೂ ಮೂರು ಕಿಲೋ ಜಾಸ್ತಿ" ಅಂದಳು.

"ಹಾಗಾದ್ರೆ ಆ ಚಳಿಗಾಲದ ಗಂಟು ಇಳಿಸು."

"ಅದನ್ನ ಇಳಿಸಲ್ಲ. ಈ ವೇಷದಲ್ಲಿ ನೀನು ಎಲ್ಲಾದ್ರೂ ಬಿದ್ರೆ, ನಿನ್ನ ಹುಡುಕೋಕೆ ಬಂದೋರಿಗೆ ಸಿಗೋದು ಮಂಜುಗಡ್ಡೆ."

ಹ್ಯಾಸ್ಕೆಟ್ ನಡುವೆ ಬಾಯಿ ಹಾಕಿದ. "ವರ್ಲಾ, ಮೂರು ಕಿಲೋ ಏನ್ ಮಹಾ? ಲೆಕ್ಕದಲ್ಲಿ ಸ್ವಲ್ಪ ಸಡಿಲ ಇಟ್ಟೇ ಇರ್ತೀವಲ್ಲ."

"ಆ ಸಡಿಲ ಅಪಾಯಕ್ಕೆ ಇಟ್ಟಿದ್ದು ಕಣಯ್ಯಾ, ನನ್ನ ಗಂಡನ ಹೊಟ್ಟೆಗಲ್ಲ."

ಆರ್ವಲ್ ನಗುವುದನ್ನು ನಿಲ್ಲಿಸಿದ. ತಕ್ಕಡಿಯಿಂದ ಇಳಿಯದೆಯೇ ಮೆಲ್ಲಗೆ ಹೇಳಿದ: "ವರ್ಲಾ, ಇಷ್ಟು ವರ್ಷದಲ್ಲಿ ನಿನ್ನತ್ರ ಏನೂ ಕೇಳಿಲ್ಲ. ಒಂದೇ ಒಂದು ಸಲ ಕಣ್ಮುಚ್ಚು."

ಅವಳ ಗಲ್ಲ ನಡುಗಿದ್ದನ್ನು ನಾನು ಕಂಡೆ. ಈ ಗಯ್ಯಾಳಿಗೂ ಗಲ್ಲ ನಡುಗುತ್ತದೆಯೇ ಎಂದು ಬೆರಗಾಯಿತು.

"ಮುಚ್ಚಲ್ಲ" ಅಂದಳು. "ಮಾರೆನ್, ನೀನು ಹತ್ತು."

ಮಾರೆನ್ ಲನ್ನಿ ನಮ್ಮ ಎರಡನೆಯ ಪೈಲಟ್, ಕಡ್ಡಿಯಂಥ ಹೆಂಗಸು. ಕೋಟು, ಬೂಟು ಸಮೇತ ತಕ್ಕಡಿಯ ಮೇಲೆ ನಿಂತರೂ ಮುಳ್ಳು ಮಿತಿಯೊಳಗೇ ಉಳಿಯಿತು. ಅವಳು ಆರ್ವಲ್‌ನತ್ತ ತಿರುಗಿ ಏನೋ ಹೇಳಲು ಹೊರಟಳು. ಅವನು ಅವಳ ಬೆನ್ನು ತಟ್ಟಿ, "ಎಡಗಡೆ ಸ್ವಲ್ಪ ವಾಲುತ್ತೆ, ನೋಡ್ಕೋ" ಎಂದಷ್ಟೇ ಹೇಳಿದ.

ವಿಮಾನವನ್ನು ಹೊಲಕ್ಕೆ ತಳ್ಳಿದೆವು. ಆರ್ವಲ್ ಯಾರದೋ ಕೋಟು ಹೊದ್ದು ಬರಿಯ ಕಾಲುಚೀಲದಲ್ಲೇ ಹಿಮದ ಮೇಲೆ ಬಂದ. ವರ್ಲಾ ಅವನ ಬೂಟುಗಳನ್ನು ಎತ್ತಿಕೊಂಡು ಹಿಂದೆ ಓಡಿದಳು. "ಹಾಕ್ಕೋ" ಅಂದಳು. ಅವನು ಅವಳತ್ತ ತಿರುಗಲೂ ಇಲ್ಲ. ಅವಳು ಬೂಟುಗಳನ್ನು ಎದೆಗವಚಿಕೊಂಡು ಅಲ್ಲೇ ಪಕ್ಕದಲ್ಲಿ ನಿಂತಳು.

ಫ್ಯಾನುಗಳು ಊಳಿಟ್ಟವು, ಹಿಮ ಎದ್ದು ನಮ್ಮ ಬಾಯೊಳಗೆಲ್ಲ ಹೊಕ್ಕಿತು. ವಿಮಾನ ನೆಟ್ಟಗೆ ಎದ್ದಿತು. ಧಾನ್ಯದ ಕಣಜದ ಎತ್ತರಕ್ಕೆ ಹೋಗಿ ನಿಂತಿತು, ಎಡಕ್ಕೆ ಕೊಂಚ ವಾಲಿ ಸರಿಹೋಯಿತು, ಮತ್ತೆ ಮೆತ್ತಗೆ ಬಂದು ಕುಳಿತಿತು. ಹ್ಯಾಸ್ಕೆಟ್ ಕಿರುಚಿ ಕುಣಿದು ಹಿಮದಲ್ಲಿ ಜಾರಿ ಬಿದ್ದ. ನಾನು ಕೂಡ ಅತ್ತೆ, ಅದರಲ್ಲಿ ಮುಚ್ಚಿಡುವಂಥದ್ದೇನಿದೆ?

ಆಮೇಲೆ ಬ್ಯಾಟರಿಯ ಪರದೆ ನೋಡುವುದು ನನ್ನ ಕೆಲಸ. ನೋಡಿದೆ. ಎಲ್ಲರ ಅಂದಾಜನ್ನೂ ಮೀರಿ ಬ್ಯಾಟರಿ ಅರ್ಧಕ್ಕರ್ಧ ಉಳಿದಿತ್ತು. ಆರ್ವಲ್ ಒಬ್ಬನೇ ಏನು, ಅವನ ಜೊತೆ ಒಂದು ಹಂದಿಯನ್ನೂ ಕೂರಿಸಿ ಹಾರಿಸಬಹುದಿತ್ತು. ಸುಳ್ಳು ಹೇಳಲೇ ಎಂದು ಒಂದು ಕ್ಷಣ ಯೋಚಿಸಿದೆ. ಅಷ್ಟರಲ್ಲಿ ವರ್ಲಾ ನನ್ನ ಹೆಗಲ ಮೇಲಿಂದ ಇಣುಕಿ ನೋಡಿಯಾಗಿತ್ತು.

ಅವಳು ನೇರವಾಗಿ ಗಂಡನ ಬಳಿಗೆ ಹೋದಳು.

"ನೀನು ಹಾರಬಹುದಿತ್ತು, ಆರ್ವಲ್. ಬೇಕಾದಷ್ಟು ಉಳಿದಿದೆ."

"ಹೂಂ."

"ಬೆಳಿಗ್ಗೆ ನಂಗದು ಗೊತ್ತಿರ್ಲಿಲ್ಲ. ನೀನು ಇನ್ನೊಂದ್ಸಲ ಕೇಳಿದ್ರೂ ಬೇಡ ಅಂತಲೇ ಅಂತಿದ್ದೆ."

"ಅದು ಗೊತ್ತು ಕಣೇ" ಅಂದ. ಅವನ ಕೆನ್ನೆಯ ಮೇಲಿನ ನೀರು ಮೀಸೆಯಲ್ಲಿ ಹೆಪ್ಪುಗಟ್ಟಿತ್ತು. "ಆದ್ರೂ ನನ್ನ ಕೋಪ ಇವತ್ತಿಗೆ ಇಳಿಯಲ್ಲ. ಈ ವರ್ಷಕ್ಕೂ ಇಳಿಯುತ್ತೋ ಇಲ್ವೋ."

"ಇಳೀದಿದ್ರೆ ಬೇಡ. ಬೈತಾ ಇರು. ಬೈಯೋಕೆ ನೀನಿರ್ಬೇಕು, ನಂಗಷ್ಟು ಸಾಕು."

ಅವನು ವಿಮಾನವನ್ನೇ ನೋಡುತ್ತ, ಅವಳ ಮುಖ ನೋಡದೆ ಒಂದು ಕಾಲನ್ನು ಸ್ವಲ್ಪ ಮುಂದೆ ಚಾಚಿದ. ಯಾರಿಗೂ ತಲೆಬಾಗದ ವರ್ಲಾ ಹಿಮದಲ್ಲಿ ಮಂಡಿಯೂರಿ ಕುಳಿತು ಅವನ ಪಾದವನ್ನು ಅಂಗೈಯಲ್ಲಿ ತಿಕ್ಕಿ ಬಿಸಿಮಾಡಿದಳು, ಬೂಟಿನೊಳಗೆ ತೂರಿಸಿ ದಾರ ಕಟ್ಟಿದಳು. ಅವನು ಬೀಳದಿರಲು ಅವಳ ಹೆಗಲ ಮೇಲೆ ಕೈಯೂರಿದ, ಇನ್ನೊಂದು ಕಾಲನ್ನೂ ಕೊಟ್ಟ.